ಎರಡು ಸೊನ್ನೆ

ಸೊಲ್ಲಾಪುರ, ಅಕ್ಕಲಕೋಟ ರಸ್ತೆ, ರಾತ್ರಿ ಪಾಳಿ.
ನಾಲ್ಕನೇ ಮಗ್ಗದ ಚಾದರಿನಲ್ಲಿ
ಆನೆ ಪಂಜರ ಸೇರಿತ್ತು.

ಸಾಲು ಆನೆ ನೇಯಬೇಕಿದ್ದ ಮಗ್ಗ
ಮೈಮೇಲೆಲ್ಲ ಸರಳು ಇಳಿಸಿತ್ತು, ಕಿವಿಗೆ, ಸೊಂಡಿಲಿಗೆ,
ಮೇಲಿಂದ ಕೆಳಗೆ, ಅಳತೆ ಹಿಡಿದ ಹಾಗೆ.
ರಾಜೇಶಂ ಸೇಠ್ ಫೋನಿನಲ್ಲಿ ಹೆಂಡತಿಗೆ ತೆಲುಗಿನಲ್ಲಿ,
ವ್ಯಾಪಾರಿಗೆ ಮರಾಠಿಯಲ್ಲಿ ಸಮಾಧಾನ ಹೇಳಿ
ನನ್ನ ಕಡೆ ತಿರುಗಿ ಕನ್ನಡದಲ್ಲಿ ಬೈದ.

ಡಬ್ಬಿ ಬಿಚ್ಚಿದೆ. ಹಳೇ ಕಂಪ್ಯೂಟರು, ಹೊಟ್ಟೆಯಲ್ಲಿ
ಗುಬ್ಬಿಗೂಡಿನಷ್ಟು ನೂಲಿನ ಧೂಳು.
ಒಳಗೆ ಸಿಕ್ಕಿಸಿದ ಹಸಿರು ಕಾರ್ಡು, ಅಂಗೈಯಗಲ;
ಅಲ್ಲಿಂದ ಬೂದು ಕೇಬಲ್ಲು ಮಗ್ಗದ ನೆತ್ತಿಗೆ.
ಎಂಟು ತಂತಿ ವಿಷಯಕ್ಕೆ. ಉಳಿದವು ಮರ್ಯಾದೆಗೆ:
ಒಂದು ಹೇಳುತ್ತದೆ, ತಗೋ.
ಆ ಕಡೆಯಿಂದ ಒಂದು, ತಡಿ, ಕೈ ಖಾಲಿ ಇಲ್ಲ.
ಇನ್ನೊಂದು, ಹಾಂ, ಮುಟ್ಟಿತು.
ಮುಟ್ಟಿತು ಅನ್ನುವತನಕ
ಮುಂದಿನ ಮಾತು ಕಾರ್ಡಿನ ಬಾಯಿಂದ ಹೊರಡುವುದಿಲ್ಲ.
ನಮ್ಮ ಮನೆಯಲ್ಲಿ ಈ ಪದ್ಧತಿ ಇಲ್ಲ.

ಷೆಡ್ಡಿನಲ್ಲಿದೆ. ಇಪ್ಪತ್ತು ಮಗ್ಗ ಒಟ್ಟಿಗೆ ಬಡಿಯುವಲ್ಲಿ
ಬಾಯಿಗೆ ಕೂಲಿ ಹುಟ್ಟುವುದಿಲ್ಲ.
ಅನಸಕ್ಕ ಕಂಡಿಕೆ ಬುಟ್ಟಿ ಎತ್ತಿ ತೋರಿಸುತ್ತಾಳೆ,
ಆಚೆ ಮಗ್ಗದ ಮೈನುದ್ದೀನ ಅಂಗೈ ಅಡ್ಡ ಹಿಡಿಯುತ್ತಾನೆ.
ಅವಳು ನಿಲ್ಲುತ್ತಾಳೆ, ಸೊಂಟಕ್ಕೆ ಬುಟ್ಟಿ ಒತ್ತಿಕೊಂಡು.
ಅವನು ಗದ್ದ ಎತ್ತಿದ ಮೇಲೆ ಕೈ ದಾಟಿಸುತ್ತಾಳೆ.

ಮೀಟರು ಹಿಡಿದು ಒಂದೊಂದೇ ತಂತಿ ಕೆದಕುತ್ತ ಕೂತಿದ್ದೆ.
ಅಂಬಾದಾಸ ಮುತ್ಯಾ ಬಂದ. ಮೂವತ್ತು ವರ್ಷ
ರಟ್ಟಿನ ಪಟ್ಟಿಗೆ ತೂತು ಹೊಡೆದವನು,
ಕಿವಿ ಎರಡನ್ನೂ ಎಂದೋ ಮಗ್ಗಕ್ಕೆ ಕೊಟ್ಟವನು.
ಮೀಟರಿನ ಕಡೆ ನೋಡಲಿಲ್ಲ. ಚಾದರು ಎಳೆದುಕೊಂಡು
ಸರಳಿನಿಂದ ಸರಳಿಗೆ ಉಗುರಲ್ಲಿ ಎಳೆ ಎಣಿಸಿದ.
ಎಂಟು. ಮತ್ತೆ ಎಂಟು. ಅಂಚಿನಿಂದ ಆರನೆಯದು.
"ಆರನೇ ತೂತು ಮುಚ್ಚೇದ ನೋಡು!"
ಕಿವುಡರು ಕೂಗುವಷ್ಟು ಜೋರಾಗಿ.
ತೂತಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ.
ಅವನು ಕಲಿತದ್ದು ಅಷ್ಟೇ. ಕಾರ್ಡು ಕಲಿತದ್ದೂ ಅಷ್ಟೇ.

ಆರನೇ ಸಾಲಿನಲ್ಲಿ ಒಂದು ಕರಿ ಚಿಪ್ಪು,
ಹುಣಸೆಬೀಜಕ್ಕಿಂತ ಸಣ್ಣದು, ನಾಲ್ಕು ಕಾಲು.
ಅದರೊಳಗೆ ಈ ಕಡೆ ದೀಪ, ಆ ಕಡೆ ಕಣ್ಣು,
ನಡುವೆ ತಂತಿಯಿಲ್ಲ.
ಕಾರ್ಡು ದೀಪ ಹಚ್ಚುತ್ತದೆ;
ಕಂಡ ಕಣ್ಣು ಮಗ್ಗದ ಅಯಸ್ಕಾಂತಕ್ಕೆ, ಎಳೆ ಎತ್ತು, ಅನ್ನುತ್ತದೆ.
ಐದು ವೋಲ್ಟಿನವರು ಇಪ್ಪತ್ನಾಲ್ಕು ವೋಲ್ಟಿನವರನ್ನು
ಮುಟ್ಟದೆ ಕರೆಯುವ ದಾರಿ.
ದೀಪ ಆರಿತ್ತು.

ಯಾಕೆಂದು ಹುಡುಕಿದರೆ ಬೋರ್ಡಿನಡಿ ಒಂದು ಕೆಂಪು ತುಂಡು ತಂತಿ,
ಈ ಕಡೆಯ ಸೊನ್ನೆಯನ್ನು ಆ ಕಡೆಯ ಸೊನ್ನೆಗೆ ಕಟ್ಟಿದ್ದು.
ಬೆಸುಗೆ ನನ್ನದೇ.
ಯುಗಾದಿಯ ಮರುದಿನ, ಅವಸರದಲ್ಲಿ,
ಇಬ್ಬರಿಗೂ ಒಂದೇ ನೆಲ ಇದ್ದರೆ ಜಗಳವಿಲ್ಲ ಎಂದುಕೊಂಡು.
ಎಳೆ ಕೈಬಿಡುವಾಗೆಲ್ಲ ಅಯಸ್ಕಾಂತ ಒದ್ದ ಒದೆ
ಆ ತಂತಿ ಹಿಡಿದೇ ಇತ್ತ ಬಂದಿದೆ, ತಿಂಗಳುಗಟ್ಟಲೆ.
ಮಾತಾಡುವವರಿಗೆ ಸೊನ್ನೆ ಯಾವುದೆಂಬ ಒಪ್ಪಂದ ಬೇಕು, ನಿಜ.
ಗೋಡೆಯಾಚೆಯವನ ಸೊನ್ನೆ ಮಾತ್ರ
ಅವನ ಹತ್ತಿರವೇ ಇರಬೇಕಿತ್ತು.
ಸೇಠ್‌ಗೆ ಹೇಳಲಿಲ್ಲ.
ಮುತ್ಯಾನಿಗೆ ಹೇಳಿದೆ. ಕೇಳಿಸಲಿಲ್ಲ.

ತಂತಿ ಕತ್ತರಿಸಿ, ಕೆಟ್ಟ ತೂಕದ ಯಂತ್ರದಿಂದ ಕಿತ್ತಿಟ್ಟ
ಇನ್ನೊಂದು ಚಿಪ್ಪು ಬೆಸೆದೆ. ಕಾವಿಗೆ ಬೆರಳು ಸುಟ್ಟಿತು.
ಎರಡೂವರೆಗೆ ಮಗ್ಗ ಹತ್ತಿತು. ತಗೋ. ತಡಿ. ಹಾಂ.
ನಿಂತಲ್ಲಿಂದ ನೇಯ್ದ ಒಂದು ಆನೆಗೆ
ಕಾಲು ಪಂಜರದಲ್ಲಿ, ಬೆನ್ನು ಬಯಲಿನಲ್ಲಿ.
ಅದರ ಮುಂದಿನವು ಮಾಮೂಲಿ ಆನೆಗಳು.

ಅರ್ಧ ಕೂಲಿ ನಗದು. ಉಳಿದರ್ಧಕ್ಕೆ ಆ ಚಾದರೇ,
"ಯಾರ್ ತಗೋತಾರ ಇದನ್ನ," ಅಂತ ಸೇಠ್ ಮಡಚಿ ಕೊಟ್ಟ.
ಹೋಟಗಿ ರಸ್ತೆಯಲ್ಲಿ ಚಹಾದ ಅಂಗಡಿ ಇನ್ನೂ ತೆರೆದಿರಲಿಲ್ಲ.
ಗಾಡಿ ನಿಲ್ಲಿಸಿ, ಚಳಿಗೆ, ಅದನ್ನೇ ಹೊದ್ದುಕೊಂಡೆ.
ಬೆನ್ನಿಗೆ ಯಾವ ಭಾಗ ಬಂತೋ
ನೋಡಲಿಲ್ಲ.